ಸಿಬಿಲ್ ಎಂಬ ಜಾತಕ

ಹುಬ್ಬಳ್ಳಿ ಗೋಕುಲ ರೋಡಿನ ಯಾವ ಕಾರ್ ಶೋರೂಮಿಗೆ ಕಾಲಿಟ್ಟರೂ ಮೊದಲು ತಣ್ಣನೆಯ ನೀರು, ಆಮೇಲೆ ಚಹಾ, ಆಮೇಲೆ ಫೈನಾನ್ಸ್ ಹುಡುಗ. ಪ್ಯಾನ್ ನಂಬರ್ ಹಾಕಿ ಮೊಬೈಲ್ ಒತ್ತುವ ತನಕ ಅವನ ಮುಖದ ತುಂಬ ನಗು. ಪರದೆಯ ಮೇಲೆ 640 ಅಂತ ಮೂಡಿತೋ, ಎರಡನೇ ಚಹಾ ಬರುವುದಿಲ್ಲ.

ಸಿಬಿಲ್ ಅಂಕ ಅಂದರೆ ನಾವು ಸಾಲ ಹೇಗೆ ತೀರಿಸಿದ್ದೇವೆ ಎಂಬುದಕ್ಕೆ ಸಿಬಿಲ್ ಎಂಬ ಕಂಪನಿ ಹಾಕುವ ಮಾರ್ಕು. ಅದು ಇರುವುದು 300ರಿಂದ 900ರ ತನಕ. 750 ದಾಟಿದವರು ಮನೆಯ ಅಳಿಯ ಇದ್ದಂತೆ. 650ರ ಕೆಳಗಿನವರು ಅಳಿಯನ ಜೋಡಿ ಬಂದ ಗೆಳೆಯ. ಊಟಕ್ಕೆ ಕೂರಿಸುತ್ತಾರೆ, ಹೋಳಿಗೆಗೆ ತುಪ್ಪ ಮಾತ್ರ ಇಲ್ಲ.

ಅಂಕ ಬೀಳುವುದು ದೊಡ್ಡ ಪಾಪಕ್ಕೇ ಆಗಬೇಕಿಲ್ಲ. ಎಂದೋ ತೆಗೆಸಿ ಕಪಾಟಿನಲ್ಲಿಟ್ಟ ಕ್ರೆಡಿಟ್ ಕಾರ್ಡಿಗೆ ವರ್ಷದ ಶುಲ್ಕ 500, ಜಿಎಸ್‌ಟಿ ಸೇರಿ 590. ‘ಆ ಕಾರ್ಡ್ ನಾ ಮುಟ್ಟೇ ಇಲ್ರೀ’ ಎಂದರೆ ಆಗಲಿಲ್ಲ. ಬಾಕಿಗೆ ದಂಡ ಬೆಳೆದು ಕೊನೆಗೆ ಸಿಬಿಲ್‌ನ ಸಾಲದ ವರದಿ ಸೇರುತ್ತದೆ. ಸೋದರಮಾವನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಜಾಮೀನು ಸಹಿಯೂ ಅಲ್ಲೇ ಕೂತಿರುತ್ತದೆ. ಉಳುಮೆ ಅವನದು, ಕಂತಿನ ಬಾಕಿ ನಿಮ್ಮ ಹೆಸರಿಗೂ.

ಎಲ್ಲಕ್ಕಿಂತ ಮೋಸದ ಶಬ್ದ ‘ಸೆಟಲ್ಡ್’. ನಮ್ಮ ಕಡೆ ಹಿರಿಯರು ಕೂತು ವ್ಯವಹಾರ ಸೆಟಲ್ಮೆಂಟ್ ಮಾಡಿಸಿದರೆ ಅದು ಮರ್ಯಾದೆ. ವರದಿಯಲ್ಲಿ ಅದರ ಅರ್ಥ, ಈತ ಪೂರ್ತಿ ಕೊಡಲಿಲ್ಲ, ಸಿಕ್ಕಷ್ಟಕ್ಕೆ ಬ್ಯಾಂಕ್ ಕೈತೊಳೆದುಕೊಂಡಿತು. ಉಳಿದ ದುಡ್ಡು ಕಟ್ಟಿ, ಬಾಕಿ ಇಲ್ಲವೆಂಬ ಪತ್ರ (ಎನ್‌ಓಸಿ) ಪಡೆದು, ಅದನ್ನು ‘ಕ್ಲೋಸ್ಡ್’ ಮಾಡಿಸದೆ ಶೋರೂಮಿನ ಮೆಟ್ಟಿಲು ಹತ್ತಬಾರದು.

ಹತ್ತುವ ಮೊದಲೇ ವರದಿ ನೋಡಿಕೊಳ್ಳಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಸಾಲದ ಲೆಕ್ಕ ಇಡುವ ಈ ನಾಲ್ಕೂ ಕಂಪನಿ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ದೂರು ಹಾಕಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೇ ಬರಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ, ಬಿಡಬೇಡಿ.

ಈಗ ಫೈನಾನ್ಸ್ ಹುಡುಗನ ಪರಾಕ್ರಮ. ‘ಐದು ಬ್ಯಾಂಕಿಗೆ ಒಗದೇನಿ ಸರ್, ಒಂದರಾಗ ಆಗೇ ಆಕ್ಕೈತಿ.’ ಒಂದೇ ವಾರ ಐದು ಮನೆಗೆ ಒಂದೇ ಕುಂಡಲಿ ಕಳಿಸಿದಂತೆ ಇದು. ಪ್ರತಿ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ, ಅಂಕ ಇಷ್ಟಿಷ್ಟೇ ಇಳಿಯುತ್ತದೆ, ಐದನೆಯವರು ‘ಮೊದಲ ನಾಲ್ಕು ಮಂದಿ ಯಾಕ ಬ್ಯಾಡಂದ್ರು?’ ಅಂತ ಹುಬ್ಬು ಏರಿಸುತ್ತಾರೆ. ನಿಮ್ಮ ಸಂಬಳ ಅಥವಾ ವ್ಯಾಪಾರದ ಖಾತೆ ಇರುವ ಬ್ಯಾಂಕಿನಲ್ಲಿ ಮೊದಲು ಕೇಳಿ, ಆಮೇಲೆ ಅವನಿಗೆ ಒಂದೋ ಎರಡೋ ಹೆಸರು ಬರೆದುಕೊಡಿ.

‘ಬರೇ ಏಳು ಪರ್ಸೆಂಟ್ ಸರ್!’ ಎಂದಾಗ ಕಿವಿ ನೆಟ್ಟಗಾಗಬೇಕು. ಅದು ಫ್ಲ್ಯಾಟ್ ದರ, ಅಂದರೆ ಅಸಲು ತೀರುತ್ತಾ ಬಂದರೂ ಬಡ್ಡಿ ಮೊದಲಿನ ಪೂರ್ತಿ ಸಾಲದ ಮೇಲೇ. 6 ಲಕ್ಷಕ್ಕೆ 5 ವರ್ಷಕ್ಕೆ ಬಡ್ಡಿ 2 ಲಕ್ಷ 10 ಸಾವಿರ, ಕಂತು 13,500. ಅಸಲು ಇಳಿದಂತೆ ಬಡ್ಡಿ ಇಳಿಯುವ ಲೆಕ್ಕಕ್ಕೆ ತಂದರೆ ಇದು ಹೆಚ್ಚುಕಡಿಮೆ ಹನ್ನೆರಡೂವರೆ ಪರ್ಸೆಂಟ್. ಅಂಕ ಕಡಿಮೆಯಾದರೆ ದರ ಏರುತ್ತದೆ, ಅದರ ಬೆಲೆಯೂ ಹೀಗೇ. 8 ಲಕ್ಷದ ಐದು ವರ್ಷದ ಸಾಲಕ್ಕೆ 10 ಪರ್ಸೆಂಟಿನಲ್ಲಿ ಕಂತು ಸುಮಾರು 17,000, 14ರಲ್ಲಿ 18,600. ಒಟ್ಟು ವ್ಯತ್ಯಾಸ 97,000ದ ಹತ್ತಿರ, ಅಂದರೆ ಕಪಾಟಿನ ಕಾರ್ಡಿನ ಆ 590ರ ಮೊಮ್ಮಕ್ಕಳು. ಮುಂಗಡ ಹೆಚ್ಚಿಸಿದರೆ, ಇಲ್ಲವೇ ಒಳ್ಳೆ ಅಂಕದ ಹೆಂಡತಿಯನ್ನೋ ಗಂಡನನ್ನೋ ಜೊತೆ ಅರ್ಜಿದಾರರಾಗಿಸಿದರೆ ದರ ಇಳಿಸಲು ಬಾಯಿ ಬರುತ್ತದೆ.

ಸಹಿಗೆ ಮೊದಲು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’, ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ ಕೇಳಿ. 2024ರ ಅಕ್ಟೋಬರಿನಿಂದ ಅದು ಕಡ್ಡಾಯ; ಪ್ರೊಸೆಸಿಂಗ್ ಶುಲ್ಕ ಸೇರಿಸಿದ ನಿಜವಾದ ವಾರ್ಷಿಕ ದರ ಅಲ್ಲಿರುತ್ತದೆ. ಖಾಲಿ ಫಾರ್ಮಿಗೆ ‘ಇಲ್ಲೊಂದು, ಇಲ್ಲೊಂದು ಸರ್’ ಎಂಬ ಸಹಿ ಬೇಡ. ವಿಮೆ ಹೊರಗೂ ಕೊಳ್ಳಬಹುದು. ಸಾಲ ಆಗದಿದ್ದರೆ ಬುಕಿಂಗ್ ದುಡ್ಡು ಎಷ್ಟು ವಾಪಸ್ ಎಂಬುದನ್ನು ರಸೀದಿ ಮೇಲೇ ಬರೆಸಿಕೊಳ್ಳಿ. ಚಕ್ರದ ಕೆಳಗಿನ ನಿಂಬೆಹಣ್ಣು ಮಾತ್ರ ನಿಜಕ್ಕೂ ಪುಕ್ಕಟೆ.

ಐದು ವರ್ಷಕ್ಕೆ ಕೊನೆಯ ಕಂತು ಮುಗಿದ ದಿನ ಪೇಡೆ ಹಂಚುತ್ತಾರೆ, ಎನ್‌ಓಸಿಯನ್ನೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35ನ್ನೂ ಮರೆಯುತ್ತಾರೆ. ಅವೆರಡನ್ನೂ ಆರ್‌ಟಿಓಗೆ ಒಯ್ಯುವ ತನಕ ಹಿಂದಿನ ಗಾಜಿನ ಮೇಲೆ ‘ತಂದೆ-ತಾಯಿ ಆಶೀರ್ವಾದ’, ಆರ್‌ಸಿ ಒಳಗೆ ಬ್ಯಾಂಕಿನ ಆಶೀರ್ವಾದ.