ಸಂವಾದವುಂಟು, ಊರಿನವರಿಲ್ಲ

ಒಂದು ಸಮುದಾಯದ ಬದುಕಿನ ಮೇಲೆ ಮತ್ತೊಂದು ಸಾಕ್ಷ್ಯಚಿತ್ರ ತಯಾರಾಗಿದೆ. ‘ಪ್ರದರ್ಶನ ಮತ್ತು ಸಂವಾದ’ದ ಆಹ್ವಾನಪತ್ರಿಕೆಯೂ ಎಲ್ಲರ ಮೊಬೈಲಿಗೆ ಬಂದು ಬಿದ್ದಿದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ವಂದನಾರ್ಪಣೆಯವರು, ಎಲ್ಲರ ಹೆಸರೂ ಇದೆ. ಚಿತ್ರದಲ್ಲಿ ಇರುವವರ ಹೆಸರು ಮಾತ್ರ ಇಲ್ಲ. ಜಾಗ ಸಾಲದೇ ಹೋಗಿರಬೇಕು, ಪಾಪ.

ನಿರ್ದೇಶಕರ ಶ್ರದ್ಧೆಯನ್ನು ಮೆಚ್ಚಲೇಬೇಕು. ಮೊದಲು ಡ್ರೋನ್ ಮೇಲೇರುತ್ತದೆ. ಊರಿನವರೇ ಈವರೆಗೆ ಕಾಣದ ಊರು ಕಾಣುತ್ತದೆ. ಆಮೇಲೆ ಅಜ್ಜಿಯ ಕೈ: ಸುಕ್ಕುಗಳೆಲ್ಲ ಫೋಕಸ್ಸಿನಲ್ಲಿ, ಅಜ್ಜಿ ಮಾತ್ರ ಮಸುಕು. ಹಿನ್ನೆಲೆಗೆ ಕೊಳಲು. ಕೊಳಲು ಏಕೆಂದರೆ ಅಜ್ಜಿಯ ಮಾತು ಸರಿಯಾಗಿ ದಾಖಲಾಗಿಲ್ಲ. ಕಾಲರ್ ಮೈಕನ್ನು ಬಟ್ಟೆಯ ಒಳಗೆ ಸುಮ್ಮನೆ ಸಿಕ್ಕಿಸಿದ್ದಾರೆ, ಟೇಪ್ ಹಾಕಿ ಕೂರಿಸಿಲ್ಲ. ಅಜ್ಜಿ ಅಲುಗಿದಾಗಲೆಲ್ಲ ಬಟ್ಟೆ ಉಜ್ಜುವ ಸದ್ದು. ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು, ಆದರೆ ಹೆಡ್‌ಫೋನ್ ಹಾಕಬೇಕಾದವನು ಡ್ರೋನ್ ಹಾರಿಸುತ್ತಿದ್ದ. ಮಾತುಕತೆ ಮುಗಿದ ಮೇಲೆ ಅದೇ ಜಾಗದಲ್ಲಿ ಎಲ್ಲರೂ ಬಾಯಿ ಮುಚ್ಚಿ ನಿಂತು, 30 ಸೆಕೆಂಡು ಬರೀ ಅಲ್ಲಿನ ಸದ್ದನ್ನು ಹಿಡಿದುಕೊಳ್ಳುವ ಪದ್ಧತಿಯಿದೆ. ಎಡಿಟಿಂಗಿನಲ್ಲಿ ಮಾತು ಕತ್ತರಿಸಿದ ಕಡೆ ತೇಪೆಗೆ ಬೇಕಾಗುತ್ತದೆ. ನಾವು 30 ಸೆಕೆಂಡು ಸುಮ್ಮನಿರುವುದೆಂದರೇನು, ಸಾಮಾನ್ಯವೇ? ಕೊಳಲೇ ಗತಿ.

ಸಂಗೀತದ ಮಾತು ಬಂದಿತಲ್ಲ, ಜಾನ್ ರೂಶ್ ನೆನಪಾಗುತ್ತಾನೆ. ಫ್ರಾನ್ಸಿನ ಸಾಕ್ಷ್ಯಚಿತ್ರಕಾರ. ಆಫ್ರಿಕಾದ ನೈಜರ್ ನದಿಯಲ್ಲಿ ನೀರ್ಗುದುರೆ ಬೇಟೆಯನ್ನು ಚಿತ್ರೀಕರಿಸಿ, ಬೇಟೆಯ ದೃಶ್ಯಕ್ಕೆ ಬೇಟೆಗಾರರದೇ ಸಂಗೀತ ಕೂರಿಸಿದ. 1950ರ ದಶಕದಲ್ಲಿ ಆ ಊರಿಗೇ ಹೋಗಿ ತೋರಿಸಿದ. ಬೇಟೆಗಾರರು ನೋಡಿ, ಇಷ್ಟು ಸದ್ದಾದರೆ ನೀರ್ಗುದುರೆ ನಿಲ್ಲುತ್ತದೆಯೇ, ಬೇಟೆಯಲ್ಲಿ ಉಸಿರೆತ್ತಬಾರದು ಎಂದರು. ರೂಶ್ ಸಂಗೀತ ತೆಗೆದುಹಾಕಿದ. ಇಂಥ ತಪ್ಪನ್ನು ಮುಖ್ಯ ಅತಿಥಿ ಹಿಡಿಯಲಾರರು. ಅವರಿಗೆ ‘ಹಿನ್ನೆಲೆ ಸಂಗೀತ ಹೃದಯಸ್ಪರ್ಶಿ’.

ಅದಕ್ಕೂ ಹಿಂದೆ ರಾಬರ್ಟ್ ಫ್ಲಾಹರ್ಟಿ. ಕೆನಡಾದ ಹಿಮನಾಡಿನ ಇನುಯಿಟ್ ಜನರ ಮೇಲೆ ಇವನು ಮಾಡಿದ ಚಿತ್ರ 1922ರಲ್ಲಿ ಬಂತು. ಒಳಗೆ ಬೆಳಕು ಸಾಲದೆಂದು ಒಂದು ಪಕ್ಕ ಗೋಡೆಯೇ ಇಲ್ಲದ ಇಗ್ಲೂ (ಹಿಮದ ಮನೆ) ಕಟ್ಟಿಸಿದ. ಬಂದೂಕು ಬಲ್ಲವರ ಕೈಗೆ ಭರ್ಜಿ ಕೊಟ್ಟ. ಇದಕ್ಕೆಲ್ಲ ಅವನನ್ನು ಬೈದು ಮುಗಿದಿದೆ, ಬೈಸಿಕೊಳ್ಳಬೇಕಾದವನೇ. ಆದರೆ ಫಿಲಂ ತೊಳೆಯುವ ಸಾಮಾನು, ವಿದ್ಯುತ್ ಯಂತ್ರ, ಪ್ರೊಜೆಕ್ಟರ್ ಎಲ್ಲವನ್ನೂ ಆ ಹಿಮಕ್ಕೆ ಸಾಗಿಸಿ, ತೆಗೆದದ್ದನ್ನು ಅಲ್ಲೇ ತೊಳೆದು ಅವರಿಗೇ ತೋರಿಸುತ್ತಿದ್ದ. ನಮ್ಮವರ ಜೇಬಿನಲ್ಲಿ ಪೆನ್‌ಡ್ರೈವ್ ಇದೆ. ಅದನ್ನು ಆ ಊರಿನವರೆಗೆ ಹೊತ್ತೊಯ್ಯಲು ಅನುದಾನ ಸಾಲುತ್ತಿಲ್ಲವಂತೆ.

ಇರಲಿ, ಪ್ರದರ್ಶನಕ್ಕೆ ಬರೋಣ. ಮಧ್ಯಾಹ್ನದ ಹೊತ್ತು, ಕಿಟಕಿಗೆ ತೆಳು ಪರದೆ, ತರಗತಿಯಲ್ಲಿ ಬಳಸುವ ಪ್ರೊಜೆಕ್ಟರ್. ಚಿತ್ರ ದೊಡ್ಡದಾಗಿ ಕಾಣಲೆಂದು ಅದನ್ನು ಹಿಂದಕ್ಕೆ ಎಳೆಯುತ್ತಾರೆ. ಅಗಲ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂದು ಯಾರೂ ಹೇಳಿಕೊಟ್ಟಿಲ್ಲ. ರಾತ್ರಿಯ ದೃಶ್ಯ ಬಂದಾಗ ಪರದೆಯ ಮೇಲೆ ಬೂದುಬಣ್ಣ ಬಿಟ್ಟು ಬೇರೇನೂ ಇಲ್ಲ. ಪರದೆಯ ಕೆಳಅಂಚು ನೆಲದಿಂದ ನಾಲ್ಕು ಅಡಿಯಾದರೂ ಮೇಲಿರಬೇಕು. ಇಲ್ಲಿ ಎರಡಡಿಯಲ್ಲಿದೆ, ಹಾಗಾಗಿ ಸಬ್‌ಟೈಟಲ್ ಓದುವ ಭಾಗ್ಯ ಮುಂದಿನ ಸಾಲಿನ ಗಣ್ಯರಿಗೆ, ಹಿಂದಿನವರಿಗೆ ಗಣ್ಯರ ತಲೆ. ಕೆಲವು ಸಲ ಸಬ್‌ಟೈಟಲ್ಲೇ ಬರುವುದಿಲ್ಲ. ಚಿತ್ರದ ಫೈಲಿಗೆ ಯಾರೋ ‘ಫೈನಲ್ ಫೈನಲ್ 3’ ಎಂದು ಹೆಸರು ಬದಲಿಸಿರುತ್ತಾರೆ, ಸಬ್‌ಟೈಟಲ್ ಫೈಲು ಹಳೆಯ ಹೆಸರಿನಲ್ಲೇ ಇರುತ್ತದೆ, ಪ್ಲೇಯರಿಗೆ ಎರಡರ ಸಂಬಂಧ ತಿಳಿಯುವುದಿಲ್ಲ. ಕೇಬಲ್ ಸಿಕ್ಕಿಸಿದ ಕೂಡಲೇ ಧ್ವನಿ ಪ್ರೊಜೆಕ್ಟರಿನೊಳಗಿನ ಪುಟಾಣಿ ಸ್ಪೀಕರಿಗೆ ಹೋಗಿ, ಸಭಾಂಗಣದ ದೊಡ್ಡ ಸ್ಪೀಕರುಗಳು ಮೂಕವಾಗುತ್ತವೆ. ಒಂದು ಗಂಟೆ ಮೊದಲು ಬಂದು, ಹತ್ತು ನಿಮಿಷ ಓಡಿಸಿ, ಕೊನೆಯ ಸಾಲಿನಲ್ಲಿ ಕೂತು ನೋಡಿದ್ದರೆ ಇವೆಲ್ಲ ಸಿಕ್ಕಿಬೀಳುತ್ತಿದ್ದವು. ಆ ಒಂದು ಗಂಟೆ ಬ್ಯಾನರ್ ಕಟ್ಟುವುದರಲ್ಲಿ ಹೋಯಿತು.

ಇನ್ನು ಸಂವಾದ. 52 ನಿಮಿಷದ ಚಿತ್ರಕ್ಕೆ ಭಾಷಣ ಒಂದೂಕಾಲು ಗಂಟೆ. ‘ಸಮಯದ ಅಭಾವದಿಂದ ಎರಡೇ ಪ್ರಶ್ನೆ.’ ಮೊದಲನೆಯವರು ‘ನನ್ನದು ಪ್ರಶ್ನೆಯಲ್ಲ, ಅನಿಸಿಕೆ’ ಎಂದು ಎಂಟು ನಿಮಿಷ ತೆಗೆದುಕೊಳ್ಳುತ್ತಾರೆ. ಎರಡನೆಯವರದು ‘ಯಾವ ಕ್ಯಾಮೆರಾ ಸಾರ್?’ ಇಡೀ ಸಂಜೆ ನಿರ್ದೇಶಕರು ಮನಸ್ಸು ಬಿಚ್ಚಿ ಉತ್ತರಿಸುವುದು ಇದೊಂದಕ್ಕೇ.

ಸಮುದಾಯದವರನ್ನೂ ಕರೆಸಿದ್ದೇವಲ್ಲ ಎನ್ನುತ್ತಾರೆ. ಹೌದು, ಒಬ್ಬರನ್ನು ಕರೆಸಿ ವೇದಿಕೆಯ ತುದಿಯಲ್ಲಿ ಕೂರಿಸಿದ್ದಾರೆ. ತನ್ನ ಮನೆಯ ಸಾಲ, ಮಗನ ಕುಡಿತ, ಹೆಂಡತಿಯ ಅಳು, ಇವನ್ನೆಲ್ಲ ಆ ಮನುಷ್ಯ ಪರದೆಯ ಮೇಲೆ ನೋಡಿದ್ದು ಅವತ್ತೇ ಮೊದಲು, ಅದೂ ಇನ್ನೂರು ಅಪರಿಚಿತರ ನಡುವೆ. ದೀಪ ಹಾಕಿದ ಕೂಡಲೇ ಮೂತಿಗೆ ಮೈಕ್ ಹಿಡಿದು ‘ನಿಮಗೆ ಹೇಗನ್ನಿಸಿತು?’ ಎಂದರು. ಏನನ್ನಿಸಬೇಕು? ಇದು ತಮಾಷೆಯಲ್ಲ. ಸಹಿ ಹಾಕಿಸಿಕೊಂಡಿದ್ದಾರಲ್ಲ ಎಂಬ ವಾದ ಬೇಡ. ಆ ಮನುಷ್ಯನಿಗೆ ಓದಲು ಬಾರದ ಭಾಷೆಯಲ್ಲಿ ‘ಜಗತ್ತಿನಾದ್ಯಂತ, ಶಾಶ್ವತವಾಗಿ, ಎಲ್ಲ ಮಾಧ್ಯಮಗಳಲ್ಲಿ’ ಎಂದು ಬರೆದುಕೊಂಡು ಹಾಕಿಸಿದ ಸಹಿ ಅದು. 1967ರಲ್ಲೇ ಕೆನಡಾದ ಫೋಗೋ ದ್ವೀಪದಲ್ಲಿ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಳಿಯವರು ಚಿತ್ರ ಮಾಡಿದಾಗ ಮೊದಲು ತೋರಿಸಿದ್ದು ಚಿತ್ರದಲ್ಲಿದ್ದವರಿಗೆ. ಅವರು ಒಪ್ಪಿದ ಮೇಲೆಯೇ ಉಳಿದವರಿಗೆ. ಇದಕ್ಕೆ ದೊಡ್ಡ ಸಿದ್ಧಾಂತವೇನೂ ಬೇಕಿಲ್ಲ. ಎಡಿಟಿಂಗ್ ಮುಗಿಸಿ ಬೀಗ ಹಾಕುವ ಮೊದಲು, ಕತ್ತಲಾದ ಮೇಲೆ, ಒಂದು ಬಿಳಿ ಬಟ್ಟೆ, ಒಂದು ಸ್ಪೀಕರ್ ಹಿಡಿದು ಆ ಊರಿಗೆ ಹೋಗಬೇಕು. ‘ಇದನ್ನು ತೆಗೆಯಿರಿ’ ಎಂದರೆ ತೆಗೆಯಬೇಕು. ಅಷ್ಟಕ್ಕೂ ತಯಾರಿಲ್ಲದವರು ಬ್ಯಾನರಿನಿಂದ ಸಂವಾದವನ್ನು ಕತ್ತರಿಸಿ ಹಾಕಲಿ, ಬಟ್ಟೆಯಾದರೂ ಉಳಿಯುತ್ತದೆ.