ಬಚ್ಚಲೊಲೆಗೆ ಹೋದ ಹದಿನಾರು ಪುಟ

ನನಗೊಂದು ಕೆಟ್ಟ ಚಾಳಿ ಇದೆ. ಯಾವ ಕಾದಂಬರಿ ಕೈಗೆ ಸಿಕ್ಕರೂ ಮೊದಲು ಕೊನೆಯ ಪುಟ ಓದುತ್ತೇನೆ. ಕೊಲೆ ಮಾಡಿದ್ದು ಯಾರು, ಯಾರಿಗೆ ಯಾರು ಸಿಕ್ಕಿದರು ಅಂತ ತಿಳಿದ ಮೇಲೆ ನೆಮ್ಮದಿಯಾಗಿ ಮೊದಲಿನಿಂದ ಶುರುಮಾಡುತ್ತೇನೆ. ಮಗಳಿಗೆ ಇದನ್ನು ಕಂಡರೆ ಮೈ ಉರಿಯುತ್ತದೆ. ಈ ಮಳೆಗಾಲದಲ್ಲಿ ಪಂಥವನ್ನೇ ಕಟ್ಟಿದಳು. "ಅಮ್ಮ, ಒಂದೇ ಒಂದು ಪುಸ್ತಕ ನೆಟ್ಟಗೆ ಓದಿ ತೋರಿಸು ನೋಡೋಣ."

ಓದಿದೆ. 312 ಪುಟ ಓದಿದೆ. ಕೊನೆಯ ಪುಟದ ಸಂಖ್ಯೆ ಮಾತ್ರ ನೋಡಿದ್ದೆ, 328. ಅದರ ಒಂದು ಅಕ್ಷರ ನೋಡಿಲ್ಲ, ಕಾವೇರಮ್ಮನ ಆಣೆ. ಇನ್ನು 16 ಪುಟ ಉಂಟು ಅನ್ನುವಾಗ ಮೇಣದ ಬತ್ತಿ ಮುಗಿಯಿತು, ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಆ 16 ಪುಟ ಇಲ್ಲ.

ಬಚ್ಚಲೊಲೆಗೆ ಹೋಗಿತ್ತು.

"ಪೇಪರ್ ಬಾರದೆ ನಾಲ್ಕು ದಿನ ಆಯ್ತು. ಸೌದೆ ನೋಡಿದ್ರೆ ಹಸಿ. ಹಿಂದಿನ ಪುಟ ನೀನು ಹೇಗೂ ಮೊದಲೇ ಓದಿರ್ತೀಯಲ್ಲ ಅಂತ..." ಅಂದರು ಇವರು. ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಸಿಟ್ಟು ಇನ್ನೂ ಜಾಸ್ತಿಯಾಯಿತು.

ಪುಸ್ತಕ ಹತ್ತಿರದ ಹೋಂಸ್ಟೇಯಲ್ಲಿ ಯಾರೋ ಬಿಟ್ಟುಹೋದದ್ದು. ಇಂಗ್ಲಿಷಿನದು. ರಟ್ಟು ಇಲ್ಲ, ಮೊದಲ ನಾಲ್ಕು ಪುಟವೂ ಇಲ್ಲ. ಹೆಸರು ಗೊತ್ತಿಲ್ಲ, ಬರೆದವರು ಯಾರೋ ಗೊತ್ತಿಲ್ಲ, ಇನ್ನೊಂದು ಪ್ರತಿ ತರಿಸುವ ದಾರಿಯೂ ಇಲ್ಲ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಅನ್ನುವ ದೊಡ್ಡ ಜೌಗಿನಲ್ಲಿ ನಡೆಯುವ ಕಥೆ. ಒಬ್ಬಳು ಹುಡುಗಿ, ಒಂದು ಹೆಣ, ಒಬ್ಬ ಚೆಂದದ ದೋಣಿಯವನು. ಅವನನ್ನು ಪ್ರೀತಿಸಬೇಕೋ ಪೊಲೀಸಿಗೆ ಹಿಡಿದುಕೊಡಬೇಕೋ ಅಂತ ಅವಳಿಗೆ 312ನೇ ಪುಟದ ತನಕ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ.

ಈ ಪ್ರೇಮದ ಕಾದಂಬರಿಯವರಿಗೆ ಜೌಗು ಕಂಡರೆ ಅಷ್ಟು ಪ್ರೀತಿ ಯಾಕೆ? ಬೆಟ್ಟವಿದೆ, ಸಮುದ್ರವಿದೆ, ಒಣಗಿದ ಜಾಗವೂ ಬೇಕಾದಷ್ಟಿದೆ. ಕೆಸರೇ ಯಾಕೆ ಬೇಕು? ಇದಕ್ಕೆ ನನ್ನ ಹತ್ತಿರ ಒಂದು ಒಳ್ಳೆಯ ಉತ್ತರವಿದೆ. ಅದನ್ನು ಹೇಳಲಿಕ್ಕೆಂದೇ ಬರೆಯಲು ಕೂತದ್ದು. ಹೇಳುತ್ತೇನೆ, ಸ್ವಲ್ಪ ತಾಳಿ. ಮೊದಲು ದೂರು ಮುಗಿಯಲಿ.

ಆ ಹುಡುಗಿ 300 ಪುಟ ನೀರಿನಲ್ಲೇ ಓಡಾಡುತ್ತಾಳೆ. ಒಂದು ಸಲವೂ ಕಾಲು ಕೆರೆದುಕೊಳ್ಳುವುದಿಲ್ಲ. ನಮ್ಮಲ್ಲಿ ನಾಟಿಗೆ ಎರಡು ದಿನ ಗದ್ದೆಗೆ ಇಳಿದರೆ ಸಾಕು, ಬೆರಳ ಸಂದಿಯಲ್ಲಿ ಕೆಸರುಹುಣ್ಣು. ರಾತ್ರಿ ಎಣ್ಣೆ ಅರಿಶಿನ ಹಚ್ಚಿಕೊಂಡು ಒಲೆಯ ಮುಂದೆ ಕಾಲು ಚಾಚಿ ಕೂತರೆ ಯಾವ ಪ್ರೇಮವೂ ನೆನಪಾಗುವುದಿಲ್ಲ. ಅಲ್ಲಿಯ ಜೌಗಿನ ತುಂಬ ಸಾಗ್ರಾಸ್ ಅನ್ನುವ ಹುಲ್ಲು. ಹೆಸರಿಗೆ ಹುಲ್ಲು, ಜಾತಿಯಲ್ಲಿ ನಮ್ಮ ಗದ್ದೆಯ ಜೇಕಿನ ದೊಡ್ಡಣ್ಣ. ಆಳೆತ್ತರ ಬೆಳೆಯುತ್ತದೆ, ಗರಿಯ ಅಂಚಿಗೆ ಗರಗಸದ ಹಲ್ಲು. ಅದರೊಳಗೆ ಇವಳು ತೋಳಿಲ್ಲದ ಅಂಗಿ ಹಾಕಿಕೊಂಡು ಓಡುತ್ತಾಳೆ. ಮೈಮೇಲೆ ಒಂದು ಗೀರಿಲ್ಲ! ಸೊಳ್ಳೆ ಅಂತೂ ಅವಳನ್ನು ಮುಟ್ಟುವುದೇ ಇಲ್ಲ. ಮಳೆಗಾಲದ ಎವರ್‌ಗ್ಲೇಡ್ಸ್ ಸೊಳ್ಳೆಗೇ ಹೆಸರಾದ ಜಾಗ. ಆ ಊರಿನ ಸೊಳ್ಳೆಗಳಿಗೆಲ್ಲ ಆ ವಾರ ಉಪವಾಸವಿತ್ತೋ ಏನೋ.

ಮಳೆಯ ವಿಷಯಕ್ಕೆ ಬಂದರೆ ಇನ್ನೂ ನಗು. ಅಲ್ಲಿ ವರ್ಷಕ್ಕೆ ಸುಮಾರು 60 ಇಂಚು ಮಳೆ. ಬರೆದವರು ಅದನ್ನು ಪ್ರಳಯವೇ ಬಂದಂತೆ ವರ್ಣಿಸಿದ್ದಾರೆ. ನಮ್ಮ ಕೊಡಗಿನ ಭಾಗಮಂಡಲದ ಕಡೆ 60 ಇಂಚು ಒಂದು ಜುಲೈನಲ್ಲೇ ಬಿದ್ದುಬಿಡುವುದುಂಟು. ಇವರು ದಿನಾ ಬೆಳಗ್ಗೆ ಅಂಗಳದ ಮಳೆ ಅಳೆಯುವ ಡಬ್ಬಿ ಬಗ್ಗಿಸಿ, 2 ಇಂಚು 40 ಸೆಂಟು ಅಂತ ನೋಟುಬುಕ್ಕಿನಲ್ಲಿ ಬರೆದು, ಆಮೇಲೆ ನಾಲ್ಕು ಮನೆಗೆ ಫೋನು ಮಾಡಿ ಅವರದು ಎಷ್ಟಾಯಿತು ಅಂತ ಕೇಳುತ್ತಾರೆ. ಅವರದು ಜಾಸ್ತಿಯಾಗಿದ್ದರೆ ಆ ದಿನ ಕಾಫಿ ರುಚಿಸುವುದಿಲ್ಲ.

ಮೊಸಳೆಯ ವಿಷಯದಲ್ಲಿ ಮಾತ್ರ ಬರೆದವರನ್ನು ಮೆಚ್ಚಬೇಕು. ಅಲಿಗೇಟರ್, ಕ್ರೊಕಡೈಲ್ ಎರಡೂ ಒಟ್ಟಿಗೆ ಬದುಕುವುದು ಲೋಕದಲ್ಲಿ ದಕ್ಷಿಣ ಫ್ಲಾರಿಡಾ ಒಂದರಲ್ಲೇ. ಕನ್ನಡದಲ್ಲಿ ಎರಡಕ್ಕೂ ಮೊಸಳೆ ಅಂದೇ ಹೆಸರು. ಇವರಿಗೆ ಓದಿ ಹೇಳಿದೆ. "ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿ ಇದ್ದ ಹಾಗೆ" ಅಂದರು. ಮಳೆಯಿಲ್ಲದ ತಿಂಗಳುಗಳಲ್ಲಿ ನೀರು ಆರುತ್ತಾ ಬಂದಾಗ ಈ ಅಲಿಗೇಟರ್ ಕೆಸರು ಬಗೆದು ಹೊಂಡ ಮಾಡಿಕೊಳ್ಳುತ್ತದೆ. ಆ ಹೊಂಡದ ನೀರಿನಲ್ಲಿ ಮೀನು, ಆಮೆ, ಹಕ್ಕಿ ಎಲ್ಲ ಬದುಕಿಕೊಳ್ಳುತ್ತವೆ. ನಡುನಡುವೆ ಅಲಿಗೇಟರ್ ಅವುಗಳಲ್ಲೇ ಒಂದೆರಡನ್ನು ನುಂಗುತ್ತದೆ. ಬಾಡಿಗೆ ವಸೂಲಿ.

ಇದೆಲ್ಲ ಇರಲಿ. ನನಗೆ ತಡೆಯಲಾಗದೆ ಹೋದದ್ದು 188ನೇ ಪುಟ. ನಡುರಾತ್ರಿ ಹುಡುಗಿಗೆ ಎಚ್ಚರವಾಗುತ್ತದೆ. ಕಿಟಕಿಯಾಚೆ ಜೌಗಿನಲ್ಲಿ ಒಂದು ಬೆಳಕು ಮೆಲ್ಲಗೆ ಹೋಗುತ್ತಿರುತ್ತದೆ. ಅವಳು ಒಬ್ಬಳೇ ಅದರ ಹಿಂದೆ ಹೊರಡುತ್ತಾಳೆ. ಬೆಳಕಿನ ತುದಿಯಲ್ಲಿ ದೋಣಿಯವನು. ಮೇಲೆ ಚಂದ್ರ. ಆಮೇಲೆ ಎರಡೂವರೆ ಪುಟ ನಾನು ಇಲ್ಲಿ ಬರೆಯುವಂಥದ್ದಲ್ಲ.

ಅಲ್ಲ ಮಾರಾಯ್ರೆ, ಹಾಗೆ ಬೆಳಕಿನ ಹಿಂದೆ ನಾನೂ ಹೋದವಳೇ.

ನಮ್ಮ ಮದುವೆ ಆದದ್ದು 1998ರ ಮೇ ತಿಂಗಳಲ್ಲಿ. ನಾನು ಮೈಸೂರಿನವಳು. ಗದ್ದೆ ಅಂದರೆ ನನಗೆ ಬಸ್ಸಿನ ಕಿಟಕಿಯಿಂದ ಕಾಣುವ ಹಸಿರು, ಅಷ್ಟೇ. ಏಡಿಯನ್ನು ಪಂಚಾಂಗದ ಕಟಕ ರಾಶಿಯ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವಳಲ್ಲ. ಇಲ್ಲಿ ಜುಲೈ ಅರ್ಧಕ್ಕೆ ಕಕ್ಕಡ ತಿಂಗಳು ಶುರುವಾಗುತ್ತದೆ. ಕಕ್ಕಡ ಅಂದರೆ ಕರ್ಕಾಟಕ, ಅಂದರೆ ಏಡಿಯೇ. ತಿಂಗಳ ಹೆಸರಿನಲ್ಲೇ ಎಚ್ಚರಿಕೆ ಇತ್ತು, ನನಗೆ ಅರ್ಥವಾಗಲಿಲ್ಲ. ಬಿಸಿಲು ಕಂಡು ಎಷ್ಟೋ ದಿನವಾಗಿತ್ತು. ಕರೆಂಟು ಇಲ್ಲ. ಇವರು ಮಾತು ಕಮ್ಮಿ. ಅವರ ಅರ್ಧ ಮಾತನ್ನು ಹೆಂಚಿನ ಮೇಲಿನ ಮಳೆ ನುಂಗುತ್ತಿತ್ತು.

ಒಂದು ರಾತ್ರಿ ಎಚ್ಚರವಾಯಿತು. ಪಕ್ಕದಲ್ಲಿ ಇವರಿಲ್ಲ. ಹಾಸಿಗೆ ತಣ್ಣಗಿದೆ. ಕಿಟಕಿ ತೆಗೆದೆ. ಗದ್ದೆಯಲ್ಲಿ ಒಂದು ಬೆಳಕು. ಅದು ಹೋಗುತ್ತದೆ, ನಿಲ್ಲುತ್ತದೆ, ಬಗ್ಗುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಬೆಳಕು. ಎರಡೂ ಒಂದಕ್ಕೊಂದು ತೀರಾ ಹತ್ತಿರ ಬಂದು ನಿಂತವು. ಆಗ ನಗು ಕೇಳಿಸಿತು. ಸಣ್ಣ ದನಿ. ಹೆಂಗಸಿನ ದನಿ!

ಮದುವೆಗೆ ಮುಂಚೆ ಅಮ್ಮನ ಗೆಳತಿಯೊಬ್ಬರು "ತೋಟದ ಮನೆಯವರು, ಸರಿಯಾಗಿ ವಿಚಾರಿಸಿ ಕೊಡ್ರೀ" ಅಂದಿದ್ದರು. ಆ ಮಾತು ಮೂರು ತಿಂಗಳು ಎಲ್ಲೋ ಮಲಗಿದ್ದು, ಆಗ ಎದ್ದು ಕೂತಿತು.

ಬೆಳಕು ತಗೊಂಡು ಹೋದರೆ ಅವರಿಗೆ ಗೊತ್ತಾಗುತ್ತದೆ. ಕತ್ತಲಲ್ಲೇ ಹೊರಟೆ. ಬಾಗಿಲ ಬಳಿ ಸಿಕ್ಕಿದ್ದು ಮಾವನವರ ಗಂಬೂಟು, 10 ನಂಬರಿನದು. ನನ್ನ ಕಾಲು 5. ಕೊಡೆ ಬಿಚ್ಚಿದರೆ ಮಳೆಯ ಸದ್ದು ಜೋರು, ಅದನ್ನೂ ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ಗದ್ದೆಯ ಬದು ಹಗಲಿನಲ್ಲೇ ನನ್ನನ್ನು ಮೂರು ಸಲ ಬೀಳಿಸಿತ್ತು. ಆ ರಾತ್ರಿ ಸಿಟ್ಟೇ ನಡೆಸಿಕೊಂಡು ಹೋಯಿತು ಅಂತ ಕಾಣುತ್ತದೆ, ಮುಕ್ಕಾಲು ದಾರಿ ಬೀಳದೆ ಹೋದೆ. ಆಮೇಲೆ ಬಲಗಾಲು ಬದುವಿನಿಂದ ಜಾರಿ ಕೆಸರಿಗೆ ಇಳಿಯಿತು. ಎಳೆದೆ. ಕಾಲು ಬಂತು, ಗಂಬೂಟು ಬರಲಿಲ್ಲ. ಕೊಕ್ಕರೆಯ ಹಾಗೆ ಒಂಟಿ ಕಾಲಿನಲ್ಲಿ ನಿಂತು, ಕೊನೆಗೆ ಮಾನ ಬಿಟ್ಟು ಕೂಗಿದೆ.

ಎರಡೂ ಬೆಳಕು ನನ್ನ ಕಡೆ ತಿರುಗಿದವು. ಇವರ ದನಿ ಕೇಳಿತು. "ಅಲ್ಲೇ ನಿಲ್ಲು! ಅಲುಗಾಡ್ಬೇಡ!"

ಆ ದನಿಯಲ್ಲಿ ಗಾಬರಿ ಇತ್ತು. ಹಾವು, ಅಂದುಕೊಂಡೆ. ನನಗಾಗಿ ಇಷ್ಟು ಗಾಬರಿಯಾಗುವವನ ಮೇಲೆ ಅನುಮಾನ ಪಟ್ಟೆನಲ್ಲ ಅಂತ ಅಳುವೇ ಬಂತು. ಇವರು ದಬದಬ ಕೆಸರು ತುಳಿದುಕೊಂಡು ಓಡಿ ಬಂದರು. ನನ್ನ ಕಾಲ ಬುಡದಲ್ಲಿ ಬಗ್ಗಿದರು. ಅಂಗೈ ಅಗಲದ ಒಂದು ಏಡಿಯನ್ನು ಬೆನ್ನ ಮೇಲಿನಿಂದ ಎರಡು ಬೆರಳಲ್ಲಿ ಎತ್ತಿ, ಟಾರ್ಚಿಗೆ ಹಿಡಿದು ನೋಡಿದರು.

"ತಪ್ಪಿಹೋಗ್ತಿತ್ತು ಇದು" ಅಂದರು.

ಮಳೆ ಹಿಡಿದ ರಾತ್ರಿ ಏಡಿಗಳು ಬದುವಿನ ಬಿಲ ಬಿಟ್ಟು ಹೊರಗೆ ಬರುತ್ತವಂತೆ. ಕಣ್ಣಿಗೆ ಟಾರ್ಚ್ ಬಿಟ್ಟರೆ ಒಂದು ಗಳಿಗೆ ದಿಕ್ಕು ತೋಚದೆ ನಿಲ್ಲುತ್ತವಂತೆ. ಹಿಡಿದರೆ ಸಾರಿಗೂ ಆಯಿತು, ಬದು ತೂತಾಗಿ ಗದ್ದೆಯ ನೀರು ಸೋರುವುದೂ ತಪ್ಪಿತು. ಇದನ್ನೆಲ್ಲ ಇವರು ಅಲ್ಲೇ ನಿಂತು ವಿವರಿಸಿದರು. ಮದುವೆಯಾದ ಮೇಲೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಒಂಟಿ ಕಾಲಿನಲ್ಲಿ ಕೇಳಿಸಿಕೊಂಡೆ. ಹೆಂಗಸಿನ ದನಿ ಇವರ ಚಿಕ್ಕಪ್ಪನ ಮಗನದು. ಹನ್ನೆರಡು ವರ್ಷ, ದನಿ ಇನ್ನೂ ಒಡೆದಿರಲಿಲ್ಲ. ಅವನು ತಲೆಯ ಮೇಲಿನ ಪ್ಲಾಸ್ಟಿಕ್ ಕೊಪ್ಪೆ ಸರಿಸಿ, "ಅತ್ತಿಗೆ, ಚೀಲ ಸ್ವಲ್ಪ ಹಿಡ್ಕೊಳ್ತೀರಾ?" ಅಂದ.

ಹಿಡಿದುಕೊಂಡೆ. ಮನೆಯ ತನಕ ಒಂದು ಕೈಯಲ್ಲಿ ಕೆಸರು ತುಂಬಿದ ಗಂಬೂಟು, ಇನ್ನೊಂದು ಕೈಯಲ್ಲಿ ಒಳಗೊಳಗೇ ಕಚಕಚ ಅನ್ನುವ ಗೋಣಿಚೀಲ. ಚಂದ್ರನ ಸುದ್ದಿಯೇ ಇಲ್ಲ. ಕಕ್ಕಡದಲ್ಲಿ ಚಂದ್ರನನ್ನು ಕಂಡವರು ಯಾರು?

ಬಚ್ಚಲಿನಲ್ಲಿ ಕಾಲು ನೋಡಿಕೊಂಡರೆ ಜಿಗಣೆ. ಬೆರಳ ಸಂದಿಯಲ್ಲಿ, ಹಿಮ್ಮಡಿಯಲ್ಲಿ, ಮಂಡಿಯ ಹಿಂದೆ. ಉಪ್ಪು ಹಾಕಿ ಒಂದೊಂದನ್ನೇ ಬೀಳಿಸುತ್ತಾ ಎಣಿಸಿದೆ. ರಕ್ತ ನಿಲ್ಲುವುದೇ ಇಲ್ಲ. ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಸೊಸೆ ನಡುರಾತ್ರಿ ಎಲ್ಲಿಗೆ ಹೋಗಿದ್ದಳು, ಯಾಕೆ ಹೋಗಿದ್ದಳು, ಒಂದೂ ಕೇಳಲಿಲ್ಲ. "ಎಷ್ಟು ಸಿಕ್ತು?" ಅಂದರು.

"ಏಳು" ಅಂದೆ.

"ಏಳೇನಾ?" ಅತ್ತೆಯ ಮುಖ ಸಪ್ಪಗಾಯಿತು. "ಮನೆಯಲ್ಲಿ ಒಂಬತ್ತು ಜನ ಇದ್ದೇವಲ್ಲ."

ಅವರು ಕೇಳಿದ್ದು ಏಡಿಯ ಲೆಕ್ಕ ಅಂತ ಗೊತ್ತಾಗುವಾಗ ಬೆಳಗಾಗಿತ್ತು. ಆ ರಾತ್ರಿ ನಾನು ಯಾಕೆ ಗದ್ದೆಗೆ ಹೋದೆ ಅಂತ ಇವರಿಗೆ ಇವತ್ತಿಗೂ ಹೇಳಿಲ್ಲ. ಬಂದ ನೆಂಟರಿಗೆಲ್ಲ ಇವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ: "ಮೈಸೂರಿನವಳಾದರೂ ಮೂರನೇ ತಿಂಗಳಿಗೇ ರಾತ್ರಿ ಏಡಿ ಹಿಡಿಯಲು ಹುಡುಕಿಕೊಂಡು ಬಂದವಳು." ನಾನು ಕಾಫಿ ತರಲು ಒಳಗೆ ಹೋಗುತ್ತೇನೆ. ಅದೇ ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸ ಕುಡಿದು, ಮಾರನೆಯ ಬೆಳಗ್ಗೆ ಬಣ್ಣ ನೋಡಿ ಬಚ್ಚಲಿನಲ್ಲಿ ಕಿರುಚಿಕೊಂಡದ್ದು ಬೇರೆ. ಅದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟೇ, ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ.

ನಮ್ಮೂರಿನ ದೊಡ್ಡ ಕಥೆಯೂ ಇಂಥದ್ದೇ ಅಲ್ವಾ? ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಅಂತ ಷರತ್ತು ಹಾಕಿ ಕಾವೇರಿ ಅಗಸ್ತ್ಯರನ್ನು ಮದುವೆಯಾದಳು. ಅವರು ಅವಳನ್ನು ಕಮಂಡಲದಲ್ಲಿಟ್ಟು ಹೋದವರು ತಡಮಾಡಿದರು. ಇವಳು ಹರಿದೇಬಿಟ್ಟಳು. ಶಿಷ್ಯರು ತಡೆಯಲು ಬಂದರೆ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆದ್ದಳು. ಅಷ್ಟು ಖಡಕ್ಕಾದ ಹೆಣ್ಣಿನ ಊರಿಗೆ ಸೊಸೆಯಾಗಿ ಬಂದು ನಾನು ಮಾಡಿದ್ದೇನು? ಏಡಿ ಚೀಲ ಹೊತ್ತುಕೊಂಡು ಮನೆಗೆ ಬಂದದ್ದು.

ಈಗ ಏಡಿಯೂ ಕಮ್ಮಿ. ನಮ್ಮ ಪಕ್ಕದ ಗದ್ದೆಗೆ ಹೋದ ಬೇಸಗೆಯಲ್ಲಿ ಟಿಪ್ಪರಿನಲ್ಲಿ ಕೆಂಪು ಮಣ್ಣು ತಂದು ಸುರಿದರು. ಕಾಟೇಜು ಬರುತ್ತದಂತೆ. ಬಂದವರಿಗೆ ಕಿಟಕಿಯಿಂದ ನೋಡಲು ಹಸಿರು ಗದ್ದೆ ಬೇಕಲ್ಲ, ಅದಕ್ಕೆ ನಮ್ಮದು ಉಂಟಂತೆ! ನಾವು ಬೆನ್ನು ಬಗ್ಗಿಸಿ ನಾಟಿ ಮಾಡಬೇಕು, ಅವರು ಬಾಡಿಗೆ ಎಣಿಸಬೇಕು. ಅಲಿಗೇಟರೇ ವಾಸಿ, ಅದು ಹೊಂಡವನ್ನಾದರೂ ತಾನೇ ತೋಡುತ್ತದೆ. ಆ ಗದ್ದೆಯಲ್ಲಿ ನಿಲ್ಲುತ್ತಿದ್ದ ನೀರು ಈ ಜುಲೈಯಲ್ಲಿ ಸೀದಾ ನಮ್ಮ ಕೊಟ್ಟಿಗೆಗೆ ಬಂತು. ಅದಾದರೂ ಎಲ್ಲಿಗೆ ಹೋಗಬೇಕು ಪಾಪ. ಎವರ್‌ಗ್ಲೇಡ್ಸ್‌ನಲ್ಲೂ ಇದೇ ಕಥೆ. ಕಾಲುವೆ ತೋಡಿ, ನೀರು ಬಸಿದು, ಸುಮಾರು ಅರ್ಧ ಜೌಗನ್ನು ಬೇಸಾಯಕ್ಕೂ ಪೇಟೆಗೂ ಕೊಟ್ಟರು. ಆಮೇಲೆ ಬುದ್ಧಿ ಬಂದು, 2000ದಲ್ಲಿ ಕಾನೂನು ಮಾಡಿ, ನೀರನ್ನು ಮತ್ತೆ ಹಳೆಯ ದಾರಿಗೆ ತರಲು ಡಾಲರ್ ಸುರಿಯುತ್ತಿದ್ದಾರೆ. ಪುಸ್ತಕದಲ್ಲಿ ಕೊಲೆಯಾದವನು ಜಾಗದ ದಲ್ಲಾಳಿ. ನಿಜ ಹೇಳಬೇಕೆಂದರೆ, ಅವನು ಸತ್ತದ್ದಕ್ಕೆ ನನಗೆ ಹೆಚ್ಚೇನೂ ಬೇಸರವಾಗಲಿಲ್ಲ. ಕೊಂದವರು ಯಾರು ಅಂತ ತಿಳಿಯಬೇಕು ಅನ್ನಿಸಿದ್ದೂ ಅವರನ್ನು ಹಿಡಿದುಕೊಡಲಿಕ್ಕೆ ಅಲ್ಲ.

ಜೌಗಿಗೂ ಪ್ರೇಮಕ್ಕೂ ಏನು ಸಂಬಂಧ ಅನ್ನುವ ಆ ಉತ್ತರ ಹೇಳುವ ಮೊದಲು ಕೊಲೆಗಾರನ ವಿಷಯ ಮುಗಿಸಿಬಿಡುತ್ತೇನೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಇವರನ್ನು ಕೇಳಿದೆ, "ಆ ಹಾಳೆ ಸುಡುವಾಗ ಒಂದು ಸಾಲಾದ್ರೂ ಕಣ್ಣಿಗೆ ಬೀಳಲಿಲ್ವಾ?"

"ಬಿತ್ತಲ್ಲ. ಹಾಳೆ ಥಂಡಿ ಹಿಡಿದಿತ್ತು, ಬೆಂಕಿ ಹತ್ತಲು ತುಂಬ ಹೊತ್ತಾಯ್ತು. ಓದ್ತಾ ಕೂತೆ."

"ಅಯ್ಯೋ, ಹೇಳಬಾರದಾ ಮತ್ತೆ! ಯಾರು ಕೊಂದದ್ದು?"

"ದೋಣಿಯವನು."

"ಯಾವ ದೋಣಿಯವನು? ಆ ಪುಸ್ತಕದಲ್ಲಿ ದೋಣಿ ಇಲ್ಲದವರು ಯಾರಿದ್ದಾರೆ? ಹಿಂದುಗಡೆ ದೊಡ್ಡ ಫ್ಯಾನು ಇರೋ ದೋಣಿಯವನಾ, ಕೋಲು ಊರಿಕೊಂಡು ಹೋಗೋ ಮುದುಕನಾ?"

ಇವರು ಸಾರು ಕಲಸುತ್ತಾ ಯೋಚಿಸಿದರು. "ಫ್ಯಾನು ಇತ್ತೋ ಇಲ್ವೋ ಗಮನಿಸಲಿಲ್ಲ. ಅಷ್ಟರಲ್ಲಿ ನೀರು ಕಾದಿತ್ತು."

ಹೊರಗೆ ಮಳೆ ಜೋರಾಯಿತು. ಇವರು ಎದ್ದು ಕೈ ತೊಳೆದರು. ಗೂಡಿನಿಂದ ಟಾರ್ಚ್ ತೆಗೆದು ಒಂದು ಸಲ ಹೊತ್ತಿಸಿ ನೋಡಿದರು.

"ಬರ್ತೀಯಾ?"

"ಚೀಲ ನೀವೇ ಹಿಡ್ಕೊಳ್ಳೋದಾದ್ರೆ" ಅಂದೆ.