ರಿಂಗ್ ಕೆಳಗೆ ಸ್ಪ್ರಿಂಗ್ ಹಾಸಿಗೆ ಇದೆಯೇ? ಸತ್ಯಾಂಶ

“ಕುಸ್ತಿ ಶೋ ಎಲ್ಲ ನಾಟಕ, ರಿಂಗ್ ಒಳಗೆ ಸ್ಪ್ರಿಂಗ್ ಹಾಸಿಗೆ ಇರುತ್ತೆ, ಬಿದ್ದರೆ ನೋವೇ ಆಗಲ್ಲ” ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಅಮೆರಿಕದ ಈ ವೃತ್ತಿಪರ ಕುಸ್ತಿ (ಪ್ರೊ ರೆಸ್ಲಿಂಗ್) ಶೋಗಳಲ್ಲಿ ಗೆಲ್ಲುವವರು ಯಾರೆಂದು ಮೊದಲೇ ನಿಗದಿಯಾಗಿರುವುದು ನಿಜ. ಇದು ಕ್ರೀಡೆಯಲ್ಲ, ಮನರಂಜನೆ ಎಂದು ಇಂಥ ಶೋ ನಡೆಸುವ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಕಂಪನಿಯೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಒಪ್ಪಿಕೊಂಡಿತ್ತು. ಹಾಸಿಗೆಯ ಮಾತು ಮಾತ್ರ ಸುಳ್ಳು.

ಅಮೆರಿಕದ ಸಣ್ಣ ಊರುಗಳ ಸಭಾಂಗಣಗಳಲ್ಲಿ ನಡೆಯುವ ಶೋಗಳ ರಿಂಗ್ ಸಾಮಾನ್ಯವಾಗಿ 16ರಿಂದ 18 ಅಡಿ ಚೌಕ. ಉಕ್ಕಿನ ತೊಲೆಗಳ ಮೇಲೆ ಮರದ ಹಲಗೆ ಅಥವಾ ಪ್ಲೈವುಡ್, ಅದರ ಮೇಲೆ ಸುಮಾರು ಒಂದಿಂಚು ಫೋಮ್, ಮೇಲೆ ಬಿಗಿಯಾಗಿ ಎಳೆದ ಕ್ಯಾನ್ವಾಸ್. ಅಷ್ಟೇ. ಕೆಲವು ರಿಂಗ್‌ಗಳ ನಡುವೆ ಒಂದು ಸ್ಪ್ರಿಂಗ್ ಇರುವುದುಂಟು. ಅದರಿಂದ ಹಲಗೆ ತುಸು ಬಾಗುತ್ತದೆ, ಯಾರೂ ಪುಟಿಯುವುದಿಲ್ಲ. ಬಿದ್ದಾಗ ಕೇಳುವ ಆ ದೊಡ್ಡ ಸದ್ದು ಹಲಗೆಯ ಕೆಳಗಿನ ಟೊಳ್ಳಿನದು.

ಪೆಟ್ಟು ತಗ್ಗಿಸುವುದು ಬೀಳುವ ವಿಧಾನ. ಗದ್ದ ಎದೆಗೆ ಒತ್ತಬೇಕು, ಇಲ್ಲವಾದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಉಸಿರು ಹೊರಬಿಡುತ್ತಾ ಬೆನ್ನಿನ ಮೇಲ್ಭಾಗ ಚಪ್ಪಟೆಯಾಗಿ ತಾಗಬೇಕು. ಅದೇ ಕ್ಷಣ ಎರಡೂ ತೋಳು, ಅಂಗೈ ನೆಲಕ್ಕೆ ಬಡಿಯಬೇಕು. ಭಯದಿಂದ ಕೈಯನ್ನು ಹಿಂದಕ್ಕೆ ಊರಿದರೆ ಮಣಿಕಟ್ಟೋ ಮೊಣಕೈಯೋ ಮುರಿಯಬಹುದು. ಹೊಸಬರಿಗೆ ತಿಂಗಳುಗಟ್ಟಲೆ ಇದನ್ನೇ ಕಲಿಸುವುದು, ಕಲಿಸಲೇಬೇಕು.

ಹಗ್ಗವೂ ಮೆತ್ತಗಿಲ್ಲ. ಅನೇಕ ಸಣ್ಣ ರಿಂಗ್‌ಗಳಲ್ಲಿ ಅದು ರಬ್ಬರ್ ಪೈಪಿನೊಳಗಿನ ಉಕ್ಕಿನ ಕೇಬಲ್, ಮೇಲೆ ಟೇಪು; ಓಡಿಬಂದು ಒರಗಿದರೆ ಪಕ್ಕೆ ಕಪ್ಪುಗಟ್ಟುತ್ತದೆ. ಕ್ಯಾನ್ವಾಸ್ ಸಡಿಲಗೊಂಡು ಮಡಿಕೆ ಬಿದ್ದರೆ ಪಾದ ಉಳುಕುತ್ತದೆ. ಎದೆಗೆ ಬೀಸುವ ಅಂಗೈ ಏಟಂತೂ ಬಹುಪಾಲು ನಿಜವಾದ ಏಟೇ; ಬೆರಳಿನ ಗುರುತು ಕೆಂಪಾಗಿ ಮೂಡಿರುವುದು ಮುಂದಿನ ಸಾಲಿನವರಿಗೂ ಕಾಣುತ್ತದೆ.